ಆಟ ಯಾರ ಮನೆಯಲ್ಲಿ ನಡೆಯಬೇಕು? ಒಂದು ಸಮುದಾಯ ತಾಣದ ಪ್ರಕರಣ

ತಾಣದ ಹೆಸರನ್ನೂ ಜನರ ಹೆಸರನ್ನೂ ಬಿಟ್ಟಿದ್ದೇನೆ. ಯಾರೆಂದು ಗೊತ್ತಾಗಿಬಿಡುವ ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದು ಆದ ಹಾಗೇ ಇದೆ, ನಮ್ಮ ಪೆದ್ದುತನವೂ ಸೇರಿ.

ಹಿನ್ನೆಲೆ

ಒಗಟು, ಸಣ್ಣ ಆಟ, ಲೋಲಕವನ್ನು ಎಳೆದು ಬಿಟ್ಟು ನೋಡುವಂಥ ಪಾಠದ ಮಾದರಿ. ಇಂಥವನ್ನು ಬಿಡುವಿನಲ್ಲಿ ಮಾಡಿ ಒಬ್ಬರಿಗೊಬ್ಬರು ತೋರಿಸುವವರ ತಾಣ ಅದು. ಸದಸ್ಯರಿಗೆ ಲಾಗಿನ್ ಇದೆ, ಖಾಸಗಿ ಸಂದೇಶ ಇದೆ. ನೋಡಿಕೊಳ್ಳುವವರು ನಾವು ನಾಲ್ಕು ಜನ. ಯಾರಿಗೂ ಸಂಬಳವಿಲ್ಲ. ಎಲ್ಲರೂ ರಾತ್ರಿ ಊಟವಾದ ಮೇಲೆ ಕೂರುವವರು.

ಹಿಂದೆ ಅಲ್ಲಿ ಫ್ಲ್ಯಾಶ್ (ಬ್ರೌಸರಿನೊಳಗೆ ಆಟ ನಡೆಸಲು ಅಡೋಬಿ ಕಂಪನಿ ಕೊಡುತ್ತಿದ್ದ ತಂತ್ರಾಂಶ) ಆಟಗಳಿಗೆ ಒಂದು ಮೂಲೆ ಇತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನಾಗಿಯೇ ಆಟ ನಡೆಸಲು ಒಪ್ಪಲಿಲ್ಲ. ಆ ಮೂಲೆ ಸತ್ತುಹೋಯಿತು. ಮಾಡುವವರು ಮಾತ್ರ ಸುಮ್ನೆ ಕೂರಲಿಲ್ಲ, ಬ್ರೌಸರ್ ತಾನೇ ಅರ್ಥ ಮಾಡಿಕೊಳ್ಳುವ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಹೊಸ ಆಟ ಮಾಡಿದರು. ಆದರೆ ಹಾಕಲು ಜಾಗ ಇರಲಿಲ್ಲ. ಆಟದ ಒಂದು ಚಿತ್ರ ಹಾಕುವುದು, ಕೆಳಗೆ ಜಿಪ್ ಫೈಲಿನ ಲಿಂಕ್ ಕೊಡುವುದು. ನೋಡುವವರು ಅದನ್ನು ಇಳಿಸಿಕೊಂಡು, ಬಿಚ್ಚಿ, ಒಳಗಿನ ಸರಿಯಾದ ಫೈಲ್ ಹುಡುಕಿ ತೆಗೆಯಬೇಕು. ಫೋನಿನಲ್ಲಿ ನೋಡುವವರು ಅಲ್ಲೇ ಕೈಬಿಡುತ್ತಿದ್ದರು. "ಚೆನ್ನಾಗಿದೆ ಅನ್ಸುತ್ತೆ" ಎಂದು ಬರೆದು ಹೋಗುತ್ತಿದ್ದರು. ಆಡದೇ ಹೇಳಿದ ಮಾತು ಎಂದು ಮಾಡಿದವರಿಗೆ ಗೊತ್ತಾಗುತ್ತಿತ್ತು.

ಪುಟದಲ್ಲೇ ಆಡುವಂತಾಗಲಿ ಎಂಬ ಬೇಡಿಕೆ ಬಂತು. ನ್ಯಾಯವಾದ ಬೇಡಿಕೆಯೇ.

ತೊಡಕು ಎಲ್ಲಿತ್ತು

ಚಿತ್ರವನ್ನು ಬ್ರೌಸರ್ ತೋರಿಸುತ್ತದೆ. ಎಚ್‌ಟಿಎಂಎಲ್ ಪುಟವನ್ನು ನಡೆಸುತ್ತದೆ. (ಚಿತ್ರ ಅಂದೆನಲ್ಲ, ಎಸ್‌ವಿಜಿ ಅದಕ್ಕೆ ಅಪವಾದ. ಅದರೊಳಗೂ ಸ್ಕ್ರಿಪ್ಟ್, ಅಂದರೆ ನಡೆಯುವ ಕೋಡು, ಕೂರುತ್ತದೆ. ಎಷ್ಟೋ ತಾಣಗಳು ಅದನ್ನು ಚಿತ್ರ ಎಂದು ನಂಬಿ ಒಳಗೆ ಬಿಟ್ಟುಕೊಂಡಿವೆ.) ಎಚ್‌ಟಿಎಂಎಲ್ ಪುಟ ನಡೆಯುವುದು ನೋಡುವವರ ಬ್ರೌಸರಿನಲ್ಲಿ, ನೋಡುವವರ ಲಾಗಿನ್ ಇಟ್ಟುಕೊಂಡು.

ಯಾವ ಕೋಡು ಏನನ್ನು ಮುಟ್ಟಬಹುದು ಎಂದು ಬ್ರೌಸರ್ ತೀರ್ಮಾನಿಸುವುದು ವಿಳಾಸ ನೋಡಿ. ಪ್ರೋಟೊಕಾಲ್ (ಎಚ್‌ಟಿಟಿಪಿಎಸ್‌ನಂಥದ್ದು), ಹೋಸ್ಟ್ (ತಾಣದ ಹೆಸರು), ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) ಮೂರೂ ಒಂದೇ ಇದ್ದರೆ ಇಬ್ಬರೂ ಒಂದೇ ಮನೆಯವರು. ಈ ಮೂರೂ ಸೇರಿದ್ದೇ ಒರಿಜಿನ್. ನೆಟ್‌ಸ್ಕೇಪ್ ಕಾಲದಿಂದ ಬಂದ ಈ ನಿಯಮಕ್ಕೆ ಸೇಮ್ ಒರಿಜಿನ್ ನೀತಿ ಎನ್ನುತ್ತಾರೆ. ಕೋಡು ಬರೆದವರು ಯಾರು ಎಂದು ಅದು ಕೇಳುವುದೇ ಇಲ್ಲ. ಸದಸ್ಯರೊಬ್ಬರು ಹಾಕಿದ ಹಾವಿನ ಆಟ ನಮ್ಮ ವಿಳಾಸದಿಂದ ಬಂದರೆ, ಬ್ರೌಸರಿನ ಲೆಕ್ಕದಲ್ಲಿ ಅದನ್ನು ಬರೆದವರು ನಾವೇ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 2005ರ ಅಕ್ಟೋಬರಿನಲ್ಲಿ ಆ ಕಾಲದ ಸಾಮಾಜಿಕ ತಾಣ ಮೈಸ್ಪೇಸ್‌ನಲ್ಲಿ ಒಬ್ಬ ಯುವಕ ತನ್ನ ಪ್ರೊಫೈಲಿನಲ್ಲಿ ಒಂದಿಷ್ಟು ಕೋಡು ಇಟ್ಟ. ಪ್ರೊಫೈಲ್ ನೋಡಿದವರೆಲ್ಲ ತಮಗೇ ಗೊತ್ತಿಲ್ಲದೆ ಅವನಿಗೆ ಸ್ನೇಹದ ಕೋರಿಕೆ ಕಳಿಸಿದರು. ಅದೇ ಕೋಡು ಅವರ ಪ್ರೊಫೈಲಿಗೂ ಅಂಟಿಕೊಂಡಿತು. 20 ಗಂಟೆಯೊಳಗೆ 10 ಲಕ್ಷಕ್ಕೂ ಜಾಸ್ತಿ ಜನಕ್ಕೆ ಹರಡಿತು. ಮೈಸ್ಪೇಸ್ 'ಜಾವಾಸ್ಕ್ರಿಪ್ಟ್' ಎಂಬ ಪದವನ್ನೇ ಸೋಸಿ ತೆಗೆಯುತ್ತಿತ್ತು. ಅವನು ಆ ಪದವನ್ನು ಎರಡು ಸಾಲಿಗೆ ಒಡೆದು ಬರೆದ. ಕೆಲವು ಬ್ರೌಸರ್‌ಗಳು ಎರಡನ್ನೂ ಜೋಡಿಸಿ ಓದಿಕೊಂಡವು.

ಇದನ್ನು ನಾವು ನಾಲ್ಕೂ ಜನ ಓದಿದ್ದೆವು. ಓದಿಯೂ ಎಡವಿದೆವು.

ಮೊದಲು ಮಾಡಿದ್ದು: ಓದಿ ಒಪ್ಪುವುದು

ಸ್ಕ್ರಿಪ್ಟ್ ಸೋಸಿ ತೆಗೆದರೆ ಆಟವೇ ಉಳಿಯುವುದಿಲ್ಲ. ಹಾಗಾಗಿ ಮೊದಲ ಸಲಹೆ, ಮಾಡರೇಟರ್ ಕೋಡು ಓದಿ ಒಪ್ಪಲಿ ಎಂಬುದು. ಕೇಳಲು ಜವಾಬ್ದಾರಿಯುತವಾಗಿತ್ತು. ನನಗೂ ಇಷ್ಟವಾಗಿತ್ತು.

ನನ್ನ ಪಾಲಿಗೆ ಬಂದ ಮೊದಲ ಫೈಲ್ ಒಂದು ಕಾರ್ಡ್ ಆಟ. ಎಡಿಟರಿನಲ್ಲಿ ತೆಗೆದರೆ ಒಂದೇ ಸಾಲು. ಆ ಸಾಲು ಬಲಕ್ಕೆ ಹೋಗುತ್ತಲೇ ಇತ್ತು, ಎಡಿಟರ್ ತಡವರಿಸಿತು. ಗೇಮ್ ಎಂಜಿನ್‌ಗಳು ಹೊರಹಾಕುವ ಕೋಡು ಹಾಗೇ ಇರುತ್ತದೆ. ಹೆಸರುಗಳೆಲ್ಲ ಒಂದಕ್ಷರ, ಎರಡಕ್ಷರ, ಜಾಗ ಉಳಿಸಲು ಎಲ್ಲ ಒತ್ತಿ ತುಂಬಿದ್ದು. ಪಕ್ಕದಲ್ಲಿ ವೆಬ್‌ಅಸೆಂಬ್ಲಿ ಫೈಲ್, ಅದು ಮನುಷ್ಯರು ಓದುವ ರೂಪದಲ್ಲೇ ಇಲ್ಲ. ಒಂದೂವರೆ ಗಂಟೆ ಕೂತು, ಏನೂ ಅರ್ಥವಾಗದೆ, 'ಒಪ್ಪಿಗೆ' ಒತ್ತಿದೆ. ನಾಚಿಕೆಯ ಮಾತು, ಆದರೆ ನಡೆದದ್ದು ಅದೇ. ಉಳಿದ ಮೂವರನ್ನು ಕೇಳಿದೆ. ಅವರೂ ಹಾಗೇ ಒತ್ತುತ್ತಿದ್ದರು.

ಅರ್ಥವಾಗಿದ್ದರೂ ಉಪಯೋಗ ಅಷ್ಟಕ್ಕಷ್ಟೇ. ಆಟ ಹೊರಗಿನ ಯಾವುದೋ ಸರ್ವರಿನಿಂದ ಇನ್ನೊಂದು ಸ್ಕ್ರಿಪ್ಟ್ ತರಿಸಿಕೊಳ್ಳಬಹುದು. ಇವತ್ತು ಅಲ್ಲಿ ಒಳ್ಳೆಯ ಕೋಡು ಇರುತ್ತದೆ, ಒಪ್ಪಿಗೆ ಸಿಕ್ಕ ಮೇಲೆ ಬದಲಾಗುತ್ತದೆ.

ಎರಡನೆಯದು: ಸ್ಯಾಂಡ್‌ಬಾಕ್ಸ್

ಆಮೇಲೆ ಐಫ್ರೇಮ್‌ನ ಸ್ಯಾಂಡ್‌ಬಾಕ್ಸ್‌ಗೆ ಬಂದೆವು. ಪುಟದೊಳಗೆ ಒಂದು ಚೌಕಟ್ಟು, ಅದರೊಳಗೆ ಆಟ. ಚೌಕಟ್ಟಿಗೆ 'ಸ್ಯಾಂಡ್‌ಬಾಕ್ಸ್' ಎಂದು ಬರೆದರೆ ಬ್ರೌಸರ್ ಎಲ್ಲ ಅನುಮತಿ ಕಿತ್ತುಕೊಳ್ಳುತ್ತದೆ. ಬೇಕಾದ್ದನ್ನು ಒಂದೊಂದಾಗಿ ವಾಪಸ್ ಕೊಡಬೇಕು. ನಾವು ಕೊಟ್ಟದ್ದು ಒಂದೇ, 'ಅಲೋ-ಸ್ಕ್ರಿಪ್ಟ್ಸ್'. ಕೋಡು ನಡೆಯುತ್ತದೆ, ಆದರೆ ನಮ್ಮ ಮನೆಯವನಾಗಿ ಅಲ್ಲ. ಫೈಲು ನಮ್ಮ ವಿಳಾಸದಿಂದ ಬಂದರೂ ಚೌಕಟ್ಟಿನೊಳಗೆ ಬ್ರೌಸರ್ ಅದಕ್ಕೆ ಊರು ಹೆಸರಿಲ್ಲದ ಗುರುತು ಕೊಡುತ್ತದೆ. ಓದಿ ಒಪ್ಪುವ ನಾಟಕ ನಿಲ್ಲಿಸಿದೆವು. ಮೂಲೆಗೆ ಮತ್ತೆ ಜೀವ ಬಂತು.

ಹತ್ತು ದಿನದಲ್ಲಿ ದೂರು ಶುರುವಾಯಿತು. ಸ್ಕೋರ್ ಉಳಿಯುತ್ತಿಲ್ಲ.

ಊರು ಹೆಸರಿಲ್ಲದವನಿಗೆ ಪೆಟ್ಟಿಗೆ ಇಡಲು ಜಾಗವೂ ಇಲ್ಲ. ಆಟಗಳು ಹಂತ, ಅಂಕಗಳನ್ನು ಇಡುವುದು ಬ್ರೌಸರಿನ ಲೋಕಲ್‌ಸ್ಟೋರೇಜ್‌ನಲ್ಲಿ. ಅದು ಒರಿಜಿನ್‌ಗೆ ಒಂದರಂತೆ ಇರುತ್ತದೆ. ಒರಿಜಿನ್ನೇ ಇಲ್ಲದ ಚೌಕಟ್ಟಿನಿಂದ ಅದನ್ನು ಮುಟ್ಟಲು ಹೋದರೆ ಬ್ರೌಸರ್ ಎರರ್ ಎಸೆಯುತ್ತದೆ. ಎರರ್ ಬರಬಹುದೆಂದು ಯೋಚಿಸಿ ಬರೆದ ಆಟಗಳಲ್ಲಿ ಬರೀ ಸ್ಕೋರ್ ಹೋಯಿತು. ಯೋಚಿಸದೆ ಬರೆದವು ಶುರುವಿನಲ್ಲೇ ನಿಂತು ಬಿಳಿ ಪುಟವಾದವು. ಒಬ್ಬ ಹಿರಿಯ ಸದಸ್ಯೆ ಮಕ್ಕಳಿಗಾಗಿ ಅಕ್ಷರ ಜೋಡಿಸಿ ಪದ ಕಟ್ಟುವ 40 ಹಂತದ ಆಟ ಮಾಡಿದ್ದರು. "ನನ್ನ ಮೊಮ್ಮಗಳು 23ನೇ ಹಂತಕ್ಕೆ ಬಂದಿದ್ದಳು. ಬೆಳಿಗ್ಗೆ ಎದ್ದು ತೆಗೆದರೆ ಮತ್ತೆ ಒಂದರಿಂದ. ಅಳು ಒಂದೇ ಬಾಕಿ" ಎಂದು ಬರೆದರು.

ನಮ್ಮಲ್ಲೊಬ್ಬ ಆ ಸಂದೇಶ ಓದಿ ಅಂತರ್ಜಾಲ ಜಾಲಾಡಿದ. ಎಲ್ಲೆಡೆ ಸಿಕ್ಕ ಉತ್ತರ ಒಂದೇ: 'ಅಲೋ-ಸೇಮ್-ಒರಿಜಿನ್' ಸೇರಿಸಿ. ರಾತ್ರಿ ಸೇರಿಸಿದ. ಬೆಳಿಗ್ಗೆ ಸ್ಕೋರ್ ಉಳಿಯಿತು, ಬಿಳಿ ಪುಟಗಳೂ ಎದ್ದು ಕೂತವು. ಸದಸ್ಯರು ಹೊಗಳಿದರು. ನಾವು ಮೂವರೂ ಆ ಬದಲಾವಣೆ ನೋಡಿದೆವು. ಯಾರೂ ತುಟಿ ಬಿಚ್ಚಲಿಲ್ಲ.

ಒಂದು ಸುಳಿವು ಆಗಲೇ ಕಂಡಿತ್ತು. ಯಾರದೋ ಇಟ್ಟಿಗೆ ಒಡೆಯುವ ಆಟದಲ್ಲಿ, ಇನ್ನೂ ಆಡದವರಿಗೂ ದೊಡ್ಡ ಸ್ಕೋರ್ ಕಾಣಿಸುತ್ತಿತ್ತು. ಆ ಆಟವೂ ಬೇರೊಂದು ಆಟವೂ ಅಂಕವನ್ನು 'ಸ್ಕೋರ್' ಎಂಬ ಒಂದೇ ಹೆಸರಿನಲ್ಲಿ ಇಡುತ್ತಿದ್ದವು. ಎಲ್ಲ ಆಟಗಳಿಗೂ ಒಂದೇ ಪೆಟ್ಟಿಗೆ, ಅದೂ ನಮ್ಮ ತಾಣದ ಪೆಟ್ಟಿಗೆ. ನಾವದನ್ನು ತಮಾಷೆಯ ಬಗ್ ಎಂದು ನಕ್ಕು ಬಿಟ್ಟೆವು.

ಗಡಿಯಾರ

ಒಂದೆರಡು ತಿಂಗಳು ಕಳೆದಿತ್ತು. ಒಬ್ಬ ಹುಡುಗ, ಕಾಲೇಜು ಓದುವ ವಯಸ್ಸು, ಖಾಸಗಿ ಸಂದೇಶ ಕಳಿಸಿದ: "ಸರ್, ಇನ್ನೂ ಎಲ್ಲರಿಗೂ ತೋರಿಸಿಲ್ಲ. ನೀವು ಒಮ್ಮೆ ತೆಗೆದು ನೋಡಿ. ಬೈಬೇಡಿ."

ಒಂದು ಗಡಿಯಾರ. ಮುಳ್ಳು ಓಡುತ್ತಿತ್ತು. ಎರಡು ಸೆಕೆಂಡ್ ಆದ ಮೇಲೆ ಅದರ ಕೆಳಗೆ ಒಂದೊಂದಾಗಿ ಸಾಲುಗಳು ಮೂಡಿದವು. ಅವು ನನ್ನ ಇನ್‌ಬಾಕ್ಸಿನ ತಲೆಬರಹಗಳು. ಮೇಲಿನದು ಅವನೇ ಕಳಿಸಿದ್ದು. ಅದರ ಕೆಳಗಿನದು ಒಬ್ಬ ಸದಸ್ಯರು ಇನ್ನೊಬ್ಬರ ಬಗ್ಗೆ ಗುಟ್ಟಾಗಿ ಕೊಟ್ಟ ದೂರು.

ನಡೆದದ್ದು ಇಷ್ಟು. ಆಟದ ಫೈಲು ಬರುವುದು ನಮ್ಮದೇ ವಿಳಾಸದಿಂದ. 'ಅಲೋ-ಸ್ಕ್ರಿಪ್ಟ್ಸ್' ಇದೆ, ಕೋಡು ನಡೆಯುತ್ತದೆ. 'ಅಲೋ-ಸೇಮ್-ಒರಿಜಿನ್' ಇದೆ, ಅದಕ್ಕೆ ನಮ್ಮ ಮನೆಯ ಗುರುತು ವಾಪಸ್ ಸಿಕ್ಕಿದೆ. ಎರಡೂ ಇದ್ದರೆ ಒಳಗಿನ ಕೋಡು ಹೊರಗಿನ ಪುಟಕ್ಕೆ ಕೈ ಹಾಕಬಹುದು. ತನ್ನ ಚೌಕಟ್ಟಿನ ಮೇಲಿನ ಸ್ಯಾಂಡ್‌ಬಾಕ್ಸ್ ಪದವನ್ನೇ ಅಳಿಸಿ, ಮತ್ತೆ ಲೋಡ್ ಆಗಬಹುದು. ಇದು ಬ್ರೌಸರಿನ ದೋಷವಲ್ಲ. ಎಚ್‌ಟಿಎಂಎಲ್ ಮಾನದಂಡದಲ್ಲೇ ಈ ಜೋಡಿಯ ಬಗ್ಗೆ ಎಚ್ಚರಿಕೆ ಬರೆದಿದ್ದಾರೆ.

ನಮ್ಮ ಲಾಗಿನ್ ಕುಕಿಗೆ (ಒಳಬಂದವರು ಯಾರೆಂದು ತೋರಿಸಲು ಬ್ರೌಸರ್ ಇಟ್ಟುಕೊಳ್ಳುವ ಚೀಟಿ) 'ಎಚ್‌ಟಿಟಿಪಿ-ಓನ್ಲಿ' ಹಾಕಿದ್ದೆವು, ಯಾವ ಸ್ಕ್ರಿಪ್ಟೂ ಅದನ್ನು ಓದಲಾಗದು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆದರೆ ಹುಡುಗನಿಗೆ ಕುಕಿ ಕದಿಯುವ ಅಗತ್ಯವೇ ಬೀಳಲಿಲ್ಲ. ನನ್ನ ಬ್ರೌಸರಿನೊಳಗಿಂದಲೇ ಇನ್‌ಬಾಕ್ಸ್ ಪುಟ ಕೇಳಿದರೆ ಬ್ರೌಸರ್ ತಾನಾಗಿ ಕುಕಿ ಸೇರಿಸಿ ಕಳಿಸುತ್ತದೆ. ಬೀಗದ ಕೈ ಕದಿಯಬೇಕಿಲ್ಲ, ಮನೆಯವರನ್ನೇ ಬಾಗಿಲು ತೆಗೆಯಲು ಹೇಳಿದರೆ ಸಾಕು. ನಾನು ಅಡ್ಮಿನ್. ನನ್ನ ಹೆಸರಿನಲ್ಲಿ ಯಾರನ್ನು ಬೇಕಾದರೂ ಮಾಡರೇಟರ್ ಮಾಡಬಹುದಿತ್ತು. ಕೋರಿಕೆ ನಮ್ಮದೇ ಪುಟದಿಂದ ಬಂತೇ ಎಂದು ನೋಡಲು ಫಾರಂಗಳಲ್ಲಿ ನಾವಿಟ್ಟಿದ್ದ ರಹಸ್ಯ ಟೋಕನ್ ಕೂಡ ಆ ಪುಟ ಓದಿದವರಿಗೆ ಕಾಣುತ್ತದೆ, ಅಲ್ವಾ?

ಆ ರಾತ್ರಿ

ನಾಲ್ವರೂ ಕರೆಯಲ್ಲಿ ಸೇರಿದೆವು. ಮೊದಲ ಅರ್ಧ ಗಂಟೆ ಆ ಸಾಲು ಸೇರಿಸಿದವನ ಮೇಲೆ ಹೋಯಿತು. ಅವನೂ ತಪ್ಪು ಒಪ್ಪಿಕೊಂಡು ಕೂತಿದ್ದ. ಆ ಸಾಲು ತೆಗೆದರೆ ಮುಗಿಯಿತು, ಆಟಗಳು ಮುರಿದರೆ ಮುರಿಯಲಿ ಎಂದು ತೀರ್ಮಾನಿಸಿದೆವು. ಹುಡುಗನಿಗೆ ಧನ್ಯವಾದ ಹೇಳಿದೆ. ಅವನಿಂದ ಇನ್ನೊಂದು ಪ್ರಶ್ನೆ ಬಂತು:

"ಸರ್, ಚೌಕಟ್ಟು ಬಿಟ್ಟು, ಒಳಗಿನ ಫೈಲಿನ ವಿಳಾಸವನ್ನೇ ಹೊಸ ಟ್ಯಾಬಿನಲ್ಲಿ ತೆಗೆದರೆ?"

ತೆಗೆದೆ. ಗಡಿಯಾರ ಬಂತು, ಕೆಳಗೆ ಇನ್‌ಬಾಕ್ಸೂ ಬಂತು. ಸ್ಯಾಂಡ್‌ಬಾಕ್ಸ್ ಇದ್ದದ್ದು ಚೌಕಟ್ಟಿಗೆ. ಫೈಲಿಗೆ ಏನೂ ಇರಲಿಲ್ಲ. ಆ ಸಾಲು ಸೇರಿಸುವ ಮೊದಲೂ, ಮೊದಲ ದಿನದಿಂದಲೂ, ಯಾರಾದರೂ ಆ ನೇರ ಲಿಂಕನ್ನು ನನಗೆ ಕಳಿಸಿ ಒತ್ತಿಸಿದ್ದರೆ ಮುಗಿದಿತ್ತು. ಆ ಮೊದಲ ವಿನ್ಯಾಸ ಮಾಡಿದವನು ನಾನು. ಅರ್ಧ ಗಂಟೆ ಗೆಳೆಯನನ್ನು ತರಾಟೆಗೆ ತೆಗೆದುಕೊಂಡವನೂ ನಾನೇ.

ಆ ಪ್ರಶ್ನೆ ಬಂದ ಮೇಲೆ ಮಾತಿನ ದಿಕ್ಕು ಬದಲಾಯಿತು. ಅಲ್ಲಿಯವರೆಗೆ ನಮ್ಮ ಚರ್ಚೆಯೆಲ್ಲ ಫೈಲ್ ಒಳ್ಳೆಯದೋ ಕೆಟ್ಟದ್ದೋ, ಅದಕ್ಕೆ ಎಷ್ಟು ಅನುಮತಿ ಕೊಡಬೇಕು ಎಂಬ ಸುತ್ತಲೇ ಇತ್ತು. ಅದು ನಮ್ಮ ವಿಳಾಸದಲ್ಲಿ ಯಾಕಿದೆ ಎಂದು ಯಾರೂ ಕೇಳಿರಲಿಲ್ಲ.

ತುರ್ತಿಗೆ, ಆಟದ ಫೈಲುಗಳನ್ನು ಕಳಿಸುವಾಗ ಸರ್ವರೇ 'ಸ್ಯಾಂಡ್‌ಬಾಕ್ಸ್' ಎಂಬ ಹೆಡರ್ (ಫೈಲಿನ ಜೊತೆ ಬ್ರೌಸರಿಗೆ ಹೋಗುವ ಸೂಚನೆ) ಸೇರಿಸುವಂತೆ ಮಾಡಿದೆವು. ಪುಟ ಏನು ಮಾಡಬಾರದೆಂದು ಬ್ರೌಸರಿಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ ಅದಕ್ಕೆ ಅವಕಾಶವಿದೆ. ಆಗ ಎಲ್ಲಿ ತೆಗೆದರೂ ಕಟ್ಟು ಇರುತ್ತದೆ. ಹಳೆಯ ಹೆಡರಿನೊಂದಿಗೆ ಬ್ರೌಸರ್‌ಗಳಲ್ಲಿ ಉಳಿದ ಕ್ಯಾಶ್ ಪ್ರತಿಗಳು ಬಳಕೆಯಾಗದಿರಲಿ ಎಂದು ಫೋಲ್ಡರಿನ ಹೆಸರನ್ನೂ ಬದಲಿಸಿದೆವು. ಮಲಗುವಾಗ ಮೂರೂವರೆ.

ಮನೆ ಬದಲಿಸಿದ್ದು

ಬೆಳಿಗ್ಗೆ ಇಡೀ ಮೂಲೆ ಬಿಳಿ ಪುಟ. ಸದಸ್ಯರು ಸಿಟ್ಟಾದರು. ಕಾರಣ ಪೂರ್ತಿ ಹೇಳಬೇಕೋ ಬೇಡವೋ ಎಂದು ನಮ್ಮಲ್ಲಿ ಜಗಳವಾಯಿತು. ಕೊನೆಗೆ ಎಲ್ಲವನ್ನೂ ಬರೆದು ಹಾಕಿದೆವು. ಸರ್ವರಿನ ದಾಖಲೆ ಜಾಲಾಡಿ, ಹುಡುಗನ ಗಡಿಯಾರ ಬಿಟ್ಟು ಬೇರೆ ಯಾವ ಆಟದ ಪುಟದಿಂದಲೂ ಇನ್‌ಬಾಕ್ಸ್ ಕೇಳಿದ ಕುರುಹು ಕಾಣಲಿಲ್ಲ ಎಂದು ತಿಳಿಸಿದೆವು. ಆದರೂ ಎಲ್ಲರ ಲಾಗಿನ್ ರದ್ದು ಮಾಡಿ ಹೊಸದಾಗಿ ಒಳಬರಲು ಹೇಳಿದೆವು.

ಆಟ ಮಾಡುವವರೇ ಸ್ಕೋರನ್ನು ಪೋಸ್ಟ್‌ಮೆಸೇಜ್ (ಬ್ರೌಸರಿನಲ್ಲಿ ಒಂದು ಪುಟ ಇನ್ನೊಂದಕ್ಕೆ ಸಂದೇಶ ಕಳಿಸುವ ದಾರಿ) ಮೂಲಕ ಹೊರಗಿನ ಪುಟಕ್ಕೆ ಕೊಡಲಿ, ನಾವು ಉಳಿಸಿಕೊಡುತ್ತೇವೆ ಎಂಬ ದಾರಿಯನ್ನೂ ನೋಡಿದೆವು. ತಾಂತ್ರಿಕವಾಗಿ ಚೊಕ್ಕ. ಆದರೆ ಪ್ರತಿ ಆಟದ ಕೋಡು ತಿದ್ದಬೇಕು. ಹಳೆಯ ಆಟಗಳನ್ನು ಮಾಡಿದ ಎಷ್ಟೋ ಜನ ತಾಣ ಬಿಟ್ಟು ಹೋಗಿದ್ದರು. ಕೈಬಿಟ್ಟೆವು.

ಉಳಿದದ್ದು ಬೇರೆ ಡೊಮೈನ್, ಅಂದರೆ ಆಟಗಳಿಗೆ ಬೇರೆಯದೇ ವಿಳಾಸದ ಹೆಸರು. ನಮ್ಮದರ ಸಬ್‌ಡೊಮೈನ್ (ನಮ್ಮ ಹೆಸರಿನ ಶುರುವಿಗೆ ಒಂದು ಪದ ಸೇರಿಸಿದ್ದು) ಸಾಲದೇ ಎಂದು ಒಬ್ಬರು ಕೇಳಿದರು. ಸಾಲದು. ಸಬ್‌ಡೊಮೈನಿನಲ್ಲಿರುವ ಪುಟ ಮೇಲಿನ ಡೊಮೈನಿಗೆ ಕುಕಿ ತುರುಕಬಹುದು. ಬೇರೆ ತಾಣದಿಂದ ಹೊರಟ ಕೋರಿಕೆಗೆ ಕುಕಿ ಸೇರಿಸದ ಸೇಮ್-ಸೈಟ್ ರಕ್ಷಣೆ ಕೂಡ ಸಬ್‌ಡೊಮೈನನ್ನು ನಮ್ಮವನೆಂದೇ ಎಣಿಸುತ್ತದೆ. ಕೋಡು ಇಡುವ ತಾಣ ಗಿಟ್‌ಹಬ್ 2013ರಲ್ಲಿ ಬಳಕೆದಾರರ ಪುಟಗಳನ್ನು ಗಿಟ್‌ಹಬ್ ಡಾಟ್ ಕಾಮ್‌ನಿಂದ ಗಿಟ್‌ಹಬ್ ಡಾಟ್ ಐಒಗೆ ಸಾಗಿಸಿದ್ದು ಇಂಥ ಕಾರಣಕ್ಕೇ. ಗೂಗಲ್ ಕೂಡ ಬಳಕೆದಾರರ ವಸ್ತುಗಳಿಗೆ ಗೂಗಲ್‌ಯೂಸರ್‌ಕಂಟೆಂಟ್ ಎಂಬ ಬೇರೆ ಹೆಸರು ಇಟ್ಟುಕೊಂಡಿದೆ. ದೊಡ್ಡವರು ಮಾಡಿದ್ದು ಕಣ್ಣೆದುರೇ ಇತ್ತು, ಯಾಕೆ ಮಾಡಿದರು ಎಂದು ನಾವು ಕೇಳಿಕೊಂಡಿರಲಿಲ್ಲ.

ಹೊಸ ಡೊಮೈನ್ ಕೊಂಡೆವು. ಅದರಲ್ಲಿ ಪ್ರತಿ ಆಟಕ್ಕೂ ತನ್ನದೇ ಸಬ್‌ಡೊಮೈನ್, ಹಾಗಾಗಿ ತನ್ನದೇ ಪೆಟ್ಟಿಗೆ. ಇಟ್ಟಿಗೆ ಆಟದ ಸ್ಕೋರ್ ಇನ್ನೊಂದಕ್ಕೆ ಹೋಗುವುದಿಲ್ಲ. ಸುರಕ್ಷಿತ ಸಂಪರ್ಕಕ್ಕೆ ಅಷ್ಟೂ ಸಬ್‌ಡೊಮೈನಿಗೆ ಒಂದೇ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಸಾಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು 2018ರಿಂದ ಪುಕ್ಕಟೆ ಕೊಡುತ್ತಿದೆ, ಡಿಎನ್‌ಎಸ್‌ನಲ್ಲಿ (ಡೊಮೈನ್ ಹೆಸರುಗಳ ವಿಳಾಸಪುಸ್ತಕ) ಒಂದು ದಾಖಲೆ ಹಾಕಿ ತೋರಿಸಬೇಕಷ್ಟೆ. ಆಟಗಳು ಒಂದರ ಕುಕಿಯಲ್ಲಿ ಇನ್ನೊಂದು ಕೈ ಆಡಿಸದಿರಲಿ ಎಂದು ಆ ಡೊಮೈನನ್ನು ಪಬ್ಲಿಕ್ ಸಫಿಕ್ಸ್ ಪಟ್ಟಿಗೆ (ಯಾವ ಹೆಸರಿನ ಕೆಳಗಿನ ಸಬ್‌ಡೊಮೈನ್‌ಗಳು ಬೇರೆ ಬೇರೆ ತಾಣಗಳೆಂದು ಬ್ರೌಸರಿಗೆ ಹೇಳುವ ಪಟ್ಟಿ) ಸೇರಿಸಲು ಕೋರಿದೆವು. ಪಟ್ಟಿ ಬ್ರೌಸರಿನೊಳಗೇ ಬರುವುದರಿಂದ, ಎಲ್ಲರನ್ನೂ ಮುಟ್ಟಲು ಬ್ರೌಸರ್‌ಗಳು ಅಪ್‌ಡೇಟ್ ಆಗಬೇಕು. ಅಲ್ಲಿಯವರೆಗೆ ಕಾಯುವುದೇ.

ಆಮೇಲೆ ಚೌಕಟ್ಟಿಗೆ ಮತ್ತೆ ಬರೆದದ್ದು ಅದೇ ಎರಡು ಅನುಮತಿ: ಅಲೋ-ಸ್ಕ್ರಿಪ್ಟ್ಸ್, ಅಲೋ-ಸೇಮ್-ಒರಿಜಿನ್. ಈಗ ಆಟಕ್ಕೆ ವಾಪಸ್ ಸಿಗುವುದು ಅದರದೇ ಗುರುತು, ನಮ್ಮದಲ್ಲ. ಹೊರಗಿನ ಪುಟವನ್ನು ಮುಟ್ಟಲು ಹೋದರೆ ಬ್ರೌಸರ್ ತಡೆಯುತ್ತದೆ. ಎರಡು ತಿಂಗಳ ಹಿಂದೆ ಗೆಳೆಯ ಬರೆದ ಸಾಲು ಒಂದಕ್ಷರ ಬದಲಾಗದೆ ವಾಪಸ್ ಬಂತು. ಅವನು ಏನೂ ಹೇಳಲಿಲ್ಲ, ಒಂದು ನಗುವ ಮುಖ ಕಳಿಸಿದ.

ಹಳೆಯ ಸ್ಕೋರುಗಳು ಇನ್ನೂ ನಮ್ಮ ಮುಖ್ಯ ತಾಣದ ಪೆಟ್ಟಿಗೆಯಲ್ಲಿ, ಸದಸ್ಯರ ಬ್ರೌಸರುಗಳಲ್ಲೇ ಕೂತಿದ್ದವು. ಯಾವ ಹೆಸರಿನ ದಾಖಲೆ ಯಾವ ಆಟದ್ದು ಎಂದು ಕೋಡುಗಳಲ್ಲಿ ಹುಡುಕಿ, ಆಟದ ಹೊಸ ವಿಳಾಸಕ್ಕೆ ದಾಟಿಸುವ ಚಿಕ್ಕ ಪುಟ ಮಾಡಿದೆವು. 'ಸ್ಕೋರ್' ಎಂಬ ಒಂದೇ ಹೆಸರು ಬಳಸಿದ ಆಟಗಳದ್ದು ಯಾರದ್ದು ಯಾರದೆಂದು ಬಿಡಿಸಲಾಗಲಿಲ್ಲ. ಪದ ಕಟ್ಟುವ ಆಟದ ಸದಸ್ಯೆ ತಮ್ಮ ದಾಖಲೆಗೆ ಅಪ್ಪಟ ವಿಚಿತ್ರ ಹೆಸರಿಟ್ಟಿದ್ದರು, ಹಾಗಾಗಿ ಅವರ ಆಟದ ಹಂತಗಳು ದಾಟಿದವು.

ಗೋಡೆ ತಡೆಯದ ವಿಷಯ

ಡೊಮೈನ್ ಬೇರೆಯಾದರೂ ಚೌಕಟ್ಟಿನೊಳಗೆ ಏನು ಬೇಕಾದರೂ ಬಿಡಿಸಬಹುದು. ಹೊಸ ಸದಸ್ಯನೊಬ್ಬ ನಮ್ಮದೇ ಬಣ್ಣ, ನಮ್ಮದೇ ಲೋಗೊ ಹಾಕಿ "ನಿಮ್ಮ ಲಾಗಿನ್ ಅವಧಿ ಮುಗಿದಿದೆ, ಪಾಸ್‌ವರ್ಡ್ ಕೊಡಿ" ಎಂಬ 'ಆಟ' ಹಾಕಿದ. ಬ್ರೌಸರಿನ ಯಾವ ನಿಯಮವೂ ಅದನ್ನು ತಡೆಯದು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ತೆಗೆದುಹಾಕಿದೆವು.

ಅದಾದ ಮೇಲೆ ಚೌಕಟ್ಟಿನ ಮೇಲೆ ಒಂದು ಎಚ್ಚರಿಕೆಯ ಪಟ್ಟಿ ಬಂತು: 'ಇದು ಸದಸ್ಯರು ಮಾಡಿದ್ದು. ಇದರೊಳಗೆ ಯಾರಿಗೂ ಪಾಸ್‌ವರ್ಡ್ ಕೊಡಬೇಡಿ.' 'ಆಡಿ' ಗುಂಡಿ ಒತ್ತುವವರೆಗೆ ಏನೂ ಲೋಡ್ ಆಗದು. ಫೋನಿನ ಬ್ಯಾಟರಿಗೂ ಇದು ಒಳ್ಳೆಯದು. ಹೊಸ ಖಾತೆಯವರ ಮೊದಲ ಆಟವನ್ನು ಒಬ್ಬರು ಆಡಿ ನೋಡುತ್ತಾರೆ. ಕೋಡು ಓದುವುದಿಲ್ಲ, ಆಡುತ್ತಾರೆ. ಹೊರಗಿನ ಸರ್ವರುಗಳಿಗೆ ಮಾಹಿತಿ ಕಳಿಸದಂತೆ ಹೆಡರುಗಳಲ್ಲಿ ಬಿಗಿ ಮಾಡಿದೆವು. ಚೌಕಟ್ಟು ಬೇರೆ ತಾಣಕ್ಕೆ ಜಿಗಿಯದಂತೆ ಹೊರಗಿನ ಪುಟದ ಹೆಡರಿನಲ್ಲೂ ಹೇಳಿದೆವು. ಇದು ಬೇಕು, ಯಾಕೆಂದರೆ ಒಳಗಿನ ಪುಟದ ಹೆಡರುಗಳು ಅದರ ಜಿಗಿತವನ್ನು ತಡೆಯುವುದಿಲ್ಲ.

ಸದಸ್ಯರು ಕಳಿಸಿದ ಜಿಪ್ ಅನ್ನು ಸರ್ವರಿನಲ್ಲಿ ಬಿಚ್ಚುವ ಕಡೆಯೂ ಅಪಾಯವಿದೆ. ಫೈಲಿನ ಹೆಸರಿನಲ್ಲಿ ಎರಡು ಚುಕ್ಕಿ ಇಟ್ಟು ಮೇಲಿನ ಫೋಲ್ಡರಿಗೆ ಹತ್ತುವುದು, ಚಿಕ್ಕ ಜಿಪ್ ಬಿಚ್ಚಿದರೆ ಡಿಸ್ಕ್ ತುಂಬುವಷ್ಟಾಗುವುದು. ಡಿಸ್ಕ್ ತುಂಬದಿರಲೆಂದು ಒಟ್ಟು ಗಾತ್ರಕ್ಕೆ ಮಿತಿ ಹಾಕಿ ಮುಂದೆ ಹೋದೆವು.

ಸ್ಕೋರಿನ ದೂರು ಇನ್ನೊಮ್ಮೆ ಬಂತು. ಪುಟದೊಳಗೆ ಆಡಿದ್ದು ಉಳಿದಿದೆ, ಅದೇ ಆಟವನ್ನು ಬೇರೆ ಟ್ಯಾಬಿನಲ್ಲಿ ನೇರ ತೆಗೆದರೆ ಒಂದನೇ ಹಂತ. ಇದು ನಮ್ಮ ತಪ್ಪಲ್ಲ. ಸಫಾರಿ, ಫೈರ್‌ಫಾಕ್ಸ್, 2023ರಲ್ಲಿ ಬಂದ ಕ್ರೋಮ್ 115ರಿಂದ ಕ್ರೋಮ್ ಕೂಡ, ಚೌಕಟ್ಟಿನ ಪೆಟ್ಟಿಗೆಯನ್ನು ಹೊರಗಿನ ತಾಣದ ಪ್ರಕಾರ ಬೇರೆ ಬೇರೆ ಇಡುತ್ತವೆ. ಆಟದ ವಿಳಾಸವನ್ನು ಯಾರಾದರೂ ನೇರ ತೆಗೆದರೆ ನಮ್ಮ ಆಟದ ಪುಟಕ್ಕೇ ಕಳಿಸುವಂತೆ ಮಾಡಿದೆವು. ಎಚ್ಚರಿಕೆಯ ಪಟ್ಟಿಯಿಲ್ಲದ ನೇರ ಲಿಂಕಿಂದ ಪಾಸ್‌ವರ್ಡ್ ಕದಿಯುವ ದಾರಿಯೂ ಅದರಿಂದ ಮುಚ್ಚಿತು.

ಬೇರೆಯವರು ಕೇಳಿದಾಗ

ಇಂಥ ಮೂಲೆ ತೆರೆಯಬೇಕೆಂದು ಕೇಳುವವರಿಗೆ ನಾನು ಮೊದಲು ಕೇಳುವುದು ಡೊಮೈನ್ ಕೊಂಡಿದ್ದೀರಾ ಎಂದು. ಸ್ಯಾಂಡ್‌ಬಾಕ್ಸ್, ಹೆಡರು, ಮಾಡರೇಟರು ಎಲ್ಲ ಆಮೇಲೆ. ಎರಡನೆಯದು, ಬಳಕೆದಾರರ ಮೇಲಿನ ಕರುಣೆಯಿಂದ ಸೇರಿಸಿದ ಸಾಲನ್ನು ಜಾಸ್ತಿ ಅನುಮಾನದಿಂದ ನೋಡಿ. ನಮ್ಮ ಸಾಲನ್ನು ಯಾರೂ ಪ್ರಶ್ನಿಸದ್ದಕ್ಕೆ ಕಾರಣ ಆ ಮಗುವಿನ 23ನೇ ಹಂತ. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಮತ್ತೆ, ತಪ್ಪು ತೋರಿಸಿದ ಹುಡುಗ "ಬೈಬೇಡಿ" ಎಂದು ಶುರು ಮಾಡಿದ್ದ. ಅವನು ಹೆದರಿಕೊಂಡೇ ಬರೆಯುವಂತಿತ್ತು ನಮ್ಮ ತಾಣ. ದೋಷ ಕಂಡವರು ಬರೆಯಲು ಈಗ ಒಂದು ಪುಟ ಇಟ್ಟಿದ್ದೇವೆ.

ಅವನೂ ಈಗ ರಾತ್ರಿ ಊಟವಾದ ಮೇಲೆ ಕೂರುತ್ತಾನೆ. ಹೋದ ಸಲ ಪರೀಕ್ಷೆಗೆಂದು ತಾಣದ ಇನ್ನೊಂದು ಪ್ರತಿ ನಿಲ್ಲಿಸುವಾಗ ಆಟಗಳ ಡೊಮೈನ್ ಬರೆಯಲು ನಾನು ಮರೆತೆ. ಹಳೆಯ ಕೋಡು, ಡೊಮೈನ್ ಖಾಲಿ ಇದ್ದರೆ ಸದ್ದಿಲ್ಲದೆ ಮುಖ್ಯ ವಿಳಾಸವನ್ನೇ ಬಳಸಿಕೊಳ್ಳುತ್ತಿತ್ತು. ಆ ಎರಡು ಅನುಮತಿ, ನಮ್ಮದೇ ವಿಳಾಸ, ಮತ್ತೆ ಅದೇ ಗಡಿಯಾರ. ಅವನು ಆ ಅನುಕೂಲವನ್ನು ಅಳಿಸಿ ಹಾಕಿದ. ಈಗ ಆಟಗಳ ಡೊಮೈನ್ ಖಾಲಿ ಇದ್ದರೆ, ಅಥವಾ ಮುಖ್ಯ ಡೊಮೈನಿನದೇ ಸಬ್‌ಡೊಮೈನ್ ಆಗಿದ್ದರೆ, ಸರ್ವರ್ ಶುರುವೇ ಆಗುವುದಿಲ್ಲ.